ಸೋರುವ ನಲ್ಲಿಯಿಂದ ಮಕ್ಕಳ ಗ್ರಾಮ ಸಭೆವರೆಗೆ: ಪ್ರಾಥಮಿಕ ಶಾಲೆಯ ಮಕ್ಕಳನ್ನು ಊರಿನ ವಿಷಯದಲ್ಲಿ ತೊಡಗಿಸುವ ಬಗೆ

ಅಕ್ಟೋಬರ್ 2 ಬಂತೆಂದರೆ ನಮ್ಮ ಶಾಲೆಯಲ್ಲೂ ಎಲ್ಲ ಕಡೆ ನಡೆಯುವುದೇ ನಡೆಯುತ್ತಿತ್ತು. ಮಕ್ಕಳ ಕೈಗೆ ಪೊರಕೆ, ತಲೆಗೆ ಕಾಗದದ ಟೋಪಿ. ಬಸ್ ಸ್ಟ್ಯಾಂಡ್ ಹತ್ತಿರ ಅರ್ಧ ಗಂಟೆ ಕಸ ಗುಡಿಸಿ ಒಂದು ಫೋಟೊ, ಆಮೇಲೆ ಬಿಸ್ಕತ್ತು. ಮರುದಿನ ಅದೇ ಜಾಗದಲ್ಲಿ ಅದೇ ಕಸ. ಒಂದು ಸಲ ನಾಲ್ಕನೇ ಕ್ಲಾಸಿನ ಹುಡುಗಿಯೊಬ್ಬಳು ಕೇಳಿದಳು: "ಸರ್, ನಾವು ವರ್ಷಕ್ಕೆ ಒಂದ್ಸಲ ಗುಡಿಸ್ತೀವಿ. ಉಳಿದ ದಿನ ಇದು ಯಾರ ಕೆಲಸ?"

"ಎಲ್ಲರ ಕೆಲಸ ಕಣಮ್ಮ" ಎಂದು ಹಾರಿಕೆ ಉತ್ತರ ಕೊಟ್ಟೆ. ಅವಳು ನಂಬಲಿಲ್ಲ. ನಂಬದೇ ಇದ್ದದ್ದು ಒಳ್ಳೆಯದೇ ಆಯಿತು.

ಇದು ಯಾರ ಕೆಲಸ? ಅವರನ್ನು ಕೇಳುವುದು ಹೇಗೆ? ಅವರು ಏನೆಂದರು? ಈ ಮೂರು ಪ್ರಶ್ನೆಗಳನ್ನು ಒಂದು ಮಗು ಏಳನೇ ಕ್ಲಾಸು ಮುಗಿಸುವುದರೊಳಗೆ ಒಂದು ಸಲವಾದರೂ ಕೊನೆತನಕ ಬೆನ್ನು ಹತ್ತಿರಬೇಕು ಎಂಬುದು ನನ್ನ ಲೆಕ್ಕ. ಭಾಷಣ ಸ್ಪರ್ಧೆ, ಘೋಷಣೆ, ಜಾಥಾ ಎಲ್ಲ ಆಮೇಲೆ. ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯನ್ನು ಕಣ್ಣ ಮುಂದೆ ಇಟ್ಟುಕೊಂಡು ಬರೆದಿದ್ದೇನೆ. ಪಟ್ಟಣದವರು ಪಂಚಾಯಿತಿ ಇರುವ ಕಡೆ ಪುರಸಭೆ, ವಾರ್ಡ್ ಎಂದು ಓದಿಕೊಂಡರೆ ಸಾಕು.

ಶುರು ಮಾಡುವ ಮುನ್ನ: ನೀವು ಏನು ಬಿಟ್ಟುಕೊಡುತ್ತೀರಿ?

ಇದು ಮಕ್ಕಳ ತಯಾರಿ ಅಲ್ಲ, ನಮ್ಮ ತಯಾರಿ. ಒಂದು ಹಾಳೆ ತೆಗೆದುಕೊಂಡು ಶಾಲೆಯಲ್ಲಿ ಮಕ್ಕಳು ನಿಜವಾಗಿ ತೀರ್ಮಾನಿಸಬಹುದಾದ ಐದು ವಿಷಯ ಬರೆಯಿರಿ. ಆಟದ ಪಿರಿಯಡ್‌ನಲ್ಲಿ ಯಾವ ಆಟ, ತೋಟದಲ್ಲಿ ಯಾವ ಗಿಡ, ಊಟದ ಸಾಲಿನಲ್ಲಿ ಯಾರು ಮೊದಲು, ಗ್ರಂಥಾಲಯದ ಪುಸ್ತಕ ಎಷ್ಟು ದಿನ ಇಟ್ಟುಕೊಳ್ಳಬಹುದು, ಪ್ರತಿಭಾ ಕಾರಂಜಿ ಸ್ಪರ್ಧೆಗಳಿಗೆ ಹೆಸರು ಕಳಿಸುವ ಬಗೆ ಹೇಗೆ. ಇಂಥವು ಸಾಕು. ಆದರೆ ಬರೆದ ಮೇಲೆ ಅವರ ತೀರ್ಮಾನ ನಿಮಗೆ ಇಷ್ಟವಾಗದಿದ್ದರೂ ಬದಲಿಸುವ ಹಾಗಿಲ್ಲ. ನಮ್ಮ ಮಕ್ಕಳು ಒಂದು ವರ್ಷ ತೋಟದಲ್ಲಿ ಬರೀ ಮೂಲಂಗಿ ಹಾಕಿದರು. ಬಿಸಿಯೂಟದ ಸಾಂಬಾರಿಗೆ ಒಂದು ತಿಂಗಳು ಅದೇ ಗತಿ. ಮುಂದಿನ ಸಲ ಅವರೇ ಮೂರು ಬಗೆಯ ಬೀಜ ಕೇಳಿದರು.

ಐದು ವಿಷಯ ಸಿಗದಿದ್ದರೆ ಎರಡರಿಂದ ಶುರು ಮಾಡಿ. ಒಂದೂ ಬಿಟ್ಟುಕೊಡಲು ಮನಸ್ಸಿಲ್ಲದಿದ್ದರೆ ಶಾಲಾ ಸಂಸತ್ತು, ಅಂದರೆ ಮಕ್ಕಳೇ ಓಟು ಹಾಕಿ ಆರಿಸುವ ಮಕ್ಕಳ ಮಂತ್ರಿಮಂಡಲ, ಮಾಡಲೇಬೇಡಿ. ಸುಮ್ನೆ ಮಕ್ಕಳಿಗೆ ಬ್ಯಾಡ್ಜ್ ಚುಚ್ಚಿ ನಿಲ್ಲಿಸುವುದರಿಂದ ಅವರು ಕಲಿಯುವುದು ನಾಟಕವನ್ನು ಮಾತ್ರ.

ಹಂತ 1: ಸಣ್ಣ ಮಕ್ಕಳ ಜೊತೆ, ವೃತ್ತದಲ್ಲಿ

ಒಂದರಿಂದ ಮೂರನೇ ಕ್ಲಾಸಿನವರು ನಲಿ-ಕಲಿಯಲ್ಲಿ (ಸರ್ಕಾರಿ ಶಾಲೆಯ ಚಟುವಟಿಕೆಯ ಕಲಿಕೆ) ಹೇಗೂ ಗುಂಪಾಗಿ ನೆಲದ ಮೇಲೆ ಕೂತಿರುತ್ತಾರೆ. ದಿನಾ ಹತ್ತು ನಿಮಿಷ ವೃತ್ತದಲ್ಲಿ ಕೂರಿಸಿ. ಕೈಯಲ್ಲಿ ಒಂದು ಚೆಂಡೋ ಕಲ್ಲೋ ಇರಲಿ. ಅದು ಯಾರ ಕೈಯಲ್ಲಿದೆಯೋ ಅವರು ಮಾತ್ರ ಮಾತಾಡಬೇಕು. ನಿಯಮ ನಿಮಗೂ ಸೇರಿ. ಮೊದಲ ವಾರ ಕಷ್ಟವಾಗುವುದು ಮಕ್ಕಳಿಗಲ್ಲ, ಮೇಷ್ಟ್ರಿಗೆ.

"ನಿನ್ನೆ ಶಾಲೆಯಲ್ಲಿ ಏನು ಬೇಜಾರಾಯ್ತು?" ಎಂಬ ಒಂದೇ ಪ್ರಶ್ನೆ ಸಾಕು. ಪೆನ್ಸಿಲ್ ಕದ್ದರು, ತಳ್ಳಿದರು, ಶೌಚಾಲಯದ ಚಿಲಕ ಎಟುಕುವುದಿಲ್ಲ ಎಂದೆಲ್ಲ ಬರುತ್ತದೆ. ಈ ಚಿಲಕದ ಮಾತು ನಮಗೆ ಯಾವತ್ತೂ ಹೊಳೆಯುವುದಿಲ್ಲ, ಯಾಕೆಂದರೆ ನಮಗೆ ಅದು ಎಟುಕುತ್ತದೆ. ಅಂಥದ್ದೊಂದು ಸಿಕ್ಕರೆ ಅದೇ ವಾರ ಸರಿ ಮಾಡಿಸಿ, ಸರಿಯಾದ ದಿನ ವೃತ್ತದಲ್ಲಿ ಹೇಳಿ: "ಇದನ್ನು ಹೇಳಿದ್ದು ಇವಳು, ಅದಕ್ಕೇ ಸರಿಯಾಯಿತು." ಆರು ವರ್ಷದ ಮಗುವಿಗೆ ಸಂವಿಧಾನದ ಪಾಠ ಇಷ್ಟೇ ಬೇಕಾಗಿರುವುದು.

ಹಂತ 2: ಶಾಲಾ ಸಂಸತ್ತಿನ ಚುನಾವಣೆ, ನಿಜವಾದ ಚುನಾವಣೆಯ ಹಾಗೆ

ನಾಲ್ಕನೇ ಕ್ಲಾಸಿನಿಂದ ಇದನ್ನು ಧೈರ್ಯವಾಗಿ ಮಾಡಬಹುದು. ಜೂನ್ ಕೊನೆ ಅಥವಾ ಜುಲೈ ಮೊದಲ ವಾರ ಒಳ್ಳೆಯ ಸಮಯ. ಎರಡು ವಾರ ಹಿಡಿಯುತ್ತದೆ, ಅವಸರ ಬೇಡ.

ಮೊದಲ ದಿನ ನೋಟಿಸ್ ಬೋರ್ಡಿನಲ್ಲಿ ವೇಳಾಪಟ್ಟಿ ಹಾಕಿ: ನಾಮಪತ್ರ ಕೊಡುವ ದಿನ, ಪರಿಶೀಲನೆ, ವಾಪಸ್ ತೆಗೆದುಕೊಳ್ಳುವ ಕೊನೆಯ ದಿನ, ಪ್ರಚಾರ, ಮತದಾನ, ಎಣಿಕೆ. ನಾಮಪತ್ರಕ್ಕೆ ಒಬ್ಬ ಸೂಚಕರ ಸಹಿ ಇರಲಿ. ಅರ್ಹತೆಗೆ ಮಾರ್ಕ್ಸ್ ತರಬೇಡಿ. ಓದಿನಲ್ಲಿ ಹಿಂದೆ ಇರುವ ಹುಡುಗ ನೀರಿನ ಮಂತ್ರಿಯಾಗಿ ಟ್ಯಾಂಕ್ ಕಾದಷ್ಟು ಚೆನ್ನಾಗಿ ಯಾರೂ ಕಾಯಲಾರರು. ಒಂದನೇ ಕ್ಲಾಸಿನವರೂ ಓಟು ಹಾಕುವುದರಿಂದ ಮತಪತ್ರದಲ್ಲಿ ಚಿಹ್ನೆ ಬೇಕು. ಕೊಡೆ, ಸೀಟಿ, ಲಟ್ಟಣಿಗೆ, ಮಾವಿನಕಾಯಿ ಹೀಗೆ ಏನಾದರೂ ಇರಲಿ. ಪಕ್ಷಗಳ ಚಿಹ್ನೆಗೆ ಹತ್ತಿರ ಇರುವುದು ಯಾವುದೂ ಬೇಡ. ಕೊನೆಯಲ್ಲಿ ನೋಟಾ, ಅಂದರೆ "ಇವರಲ್ಲಿ ಯಾರೂ ಬೇಡ" ಎಂಬ ಆಯ್ಕೆ ಇಡಿ. ದೇಶದ ಚುನಾವಣೆಗಳಲ್ಲಿ ಅದು 2013ರಲ್ಲಿ ಬಂತು. ಇಲ್ಲಿಯೂ ಇರಲಿ.

ಪ್ರಚಾರಕ್ಕೆ ಮೂರು ದಿನ ಕೊಡಿ. ಪೋಸ್ಟರ್ ಮಾಡುವುದಿದ್ದರೆ ಹಳೆಯ ಹಾಳೆಯಲ್ಲಿ, ಭಾಷಣ ಎರಡೇ ನಿಮಿಷ. ಒಬ್ಬ ಅಭ್ಯರ್ಥಿ ಚಾಕೊಲೇಟ್ ಹಂಚೇ ಹಂಚುತ್ತಾನೆ. ಬೈಯಬೇಡಿ. ಬೆಳಗಿನ ಪ್ರಾರ್ಥನೆ ಆದ ಮೇಲೆ ಹೆಸರು ಹೇಳದೆ ಮಕ್ಕಳನ್ನೇ ಕೇಳಿ: ಚಾಕೊಲೇಟ್ ತಿಂದವರು ಅವನಿಗೇ ಓಟು ಹಾಕಬೇಕಾ? ಗುಟ್ಟಿನ ಮತದಾನ ಯಾಕೆ ಬೇಕು ಎಂಬುದು ಆಗ ಪಾಠವಿಲ್ಲದೇ ಅರ್ಥವಾಗುತ್ತದೆ. "ದಿನಾ ಐಸ್‌ಕ್ರೀಂ ಕೊಡಿಸ್ತೀನಿ" ಎಂದವನಿಗೆ "ದುಡ್ಡು ಎಲ್ಲಿಂದ?" ಎಂದು ಕೇಳುವುದನ್ನು ಮಕ್ಕಳಿಗೆ ಹೇಳಿಕೊಡಿ. ದೊಡ್ಡವರಾದ ಮೇಲೂ ಉಪಯೋಗಕ್ಕೆ ಬರುವ ಪ್ರಶ್ನೆ.

ಮತದಾನದ ದಿನ ಏಳನೇ ಕ್ಲಾಸಿನವರೇ ಮತಗಟ್ಟೆ ಅಧಿಕಾರಿಗಳು. ಒಬ್ಬರು ಹಾಜರಿ ಪುಸ್ತಕದಲ್ಲಿ ಹೆಸರು ನೋಡುತ್ತಾರೆ, ಒಬ್ಬರು ಸಹಿ ಮಾಡಿಸಿಕೊಳ್ಳುತ್ತಾರೆ, ಒಬ್ಬರು ಎಡಗೈ ತೋರುಬೆರಳಿಗೆ ಸ್ಕೆಚ್ ಪೆನ್ನಿನಿಂದ ಗುರುತು ಹಾಕುತ್ತಾರೆ. ಮತಗಟ್ಟೆಗೆ ಹಳೆಯ ರಟ್ಟಿನ ಪೆಟ್ಟಿಗೆಯ ಮರೆ ಸಾಕು. ನಿಜವಾದ ಚುನಾವಣೆಯ ಅಳಿಸದ ಶಾಯಿ ನಮ್ಮ ಮೈಸೂರಿನದು ಎಂದು ಹೇಳಲು ಮರೆಯಬೇಡಿ. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1937ರಲ್ಲಿ ಶುರುವಾದ ಬಣ್ಣದ ಕಾರ್ಖಾನೆ 1962ರ ಚುನಾವಣೆಯಿಂದ ದೇಶಕ್ಕೆಲ್ಲ ಅದನ್ನು ಕೊಡುತ್ತಿದೆ. ಮಕ್ಕಳು ಆವತ್ತು ಸಂಜೆ ಮನೆಗೆ ಹೋಗಿ ಅಪ್ಪ ಅಮ್ಮನ ಬೆರಳನ್ನು ಹಿಡಿದು ನೋಡುತ್ತಾರೆ.

ಮೊಬೈಲಿನಲ್ಲಿ ಮತಯಂತ್ರದ ಆ್ಯಪ್ ಬಳಸುವ ಶಾಲೆಗಳೂ ಈಗ ಬೇಕಾದಷ್ಟಿವೆ. ಪೀಂ ಎಂಬ ಸದ್ದು ಮಕ್ಕಳಿಗೆ ಖುಷಿ. ಆದರೆ ನನಗೆ ಚೀಟಿಯೇ ಇಷ್ಟ. ಡಬ್ಬಿ ಸುರಿದು ಎಲ್ಲರ ಮುಂದೆ ಒಂದೊಂದೇ ಬಿಡಿಸಿ, ಬೋರ್ಡಿನ ಮೇಲೆ ಗೆರೆ ಎಳೆಯುತ್ತಾ ಹೋಗುವಾಗ ಇಡೀ ಶಾಲೆ ಉಸಿರು ಹಿಡಿದು ಕೂತಿರುತ್ತದೆ. ಸೋತವರು ಗೆದ್ದವರ ಕೈ ಕುಲುಕುವುದು, ಗೆದ್ದವರು ಸೋತವರಲ್ಲಿ ಒಬ್ಬರನ್ನಾದರೂ ಜೊತೆಗೆ ಕರೆದುಕೊಳ್ಳುವುದು ನಮ್ಮಲ್ಲಿ ರೂಢಿಯಾಗಿದೆ.

ಖಾತೆ ಹಂಚುವಾಗ ಕಣ್ಣಿಡಿ. ಬಿಟ್ಟರೆ ಸ್ವಚ್ಛತೆ ಹುಡುಗಿಯರಿಗೆ, ಕ್ರೀಡೆ ಹುಡುಗರಿಗೆ ಹೋಗುತ್ತದೆ. ಆಹಾರ ಖಾತೆಯವರು ದಿನಾ ಅಡುಗೆ ಅಕ್ಕನ ಹತ್ತಿರ ಎಷ್ಟು ಮಂದಿ ಊಟಕ್ಕಿದ್ದಾರೆ ಎಂದು ಹೇಳಿ, ಎಷ್ಟು ಉಳಿಯಿತು ಎಂದು ಬರೆಯಬೇಕು. ಊಟದ ಸಾಲಿನಲ್ಲಿ ಯಾರನ್ನಾದರೂ ಪಕ್ಕಕ್ಕೆ ಕೂರಿಸುತ್ತಿದ್ದಾರಾ ಎಂದು ನೋಡುವುದೂ ಅದೇ ಖಾತೆಯ ಕೆಲಸ. ಇದನ್ನು ಬಾಯಿಬಿಟ್ಟು ಹೇಳಿ. ಜಾತಿಯ ಮಾತು ಮಕ್ಕಳಿಗೆ ಗೊತ್ತಿಲ್ಲ ಎಂದುಕೊಳ್ಳುವವರು ನಾವು ಮಾತ್ರ.

ಶನಿವಾರ ಇಪ್ಪತ್ತು ನಿಮಿಷ ಸಭೆ, ಒಂದು ನಡಾವಳಿ ಪುಸ್ತಕ. ಅದರಲ್ಲಿ ನಾಲ್ಕೇ ಕಾಲಂ ಇರಲಿ. ಏನು ಮಾತಾಯಿತು, ಯಾರು ಮಾಡಬೇಕು, ಯಾವಾಗ, ಆಯಿತಾ. ಈ ನಾಲ್ಕನೆಯದು ಖಾಲಿ ಬಿದ್ದರೆ ಎಲ್ಲವೂ ಬಿದ್ದಂತೆ.

ಹಂತ 3: ಊರು ಸುತ್ತಿ ನಕ್ಷೆ ಬರೆಯುವುದು

ಆಗಸ್ಟ್ ಹೊತ್ತಿಗೆ ಮಳೆ ಸ್ವಲ್ಪ ಬಿಡುವು ಕೊಟ್ಟ ದಿನ, ಅಥವಾ ಬ್ಯಾಗಿಲ್ಲದ ಶನಿವಾರ, ಮಕ್ಕಳನ್ನು ಗುಂಪು ಮಾಡಿ ಊರು ಸುತ್ತಿಸಿ. ಎಂಟು ಮಕ್ಕಳಿಗೆ ಒಬ್ಬ ದೊಡ್ಡವರು ಇರಲೇಬೇಕು. ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಪೋಷಕರನ್ನು ಇದಕ್ಕೆ ಕರೆಯಿರಿ. ಸಭೆಗೆ ಬಾರದವರೂ ಇದಕ್ಕೆ ಬರುತ್ತಾರೆ.

ವಾಪಸ್ ಬಂದ ಮೇಲೆ ಶಾಲೆಯ ಅಂಗಳದಲ್ಲೇ ರಂಗೋಲಿ ಪುಡಿಯಿಂದ ಊರಿನ ನಕ್ಷೆ ಬಿಡಿಸಲಿ. ಕೆರೆಗೆ ಎಲೆ, ಬೋರ್‌ವೆಲ್‌ಗೆ ಕಲ್ಲು, ಅಂಗನವಾಡಿಗೆ ಇಟ್ಟಿಗೆ ಚೂರು. ಹೆದರಿಕೆ ಆಗುವ ಜಾಗಕ್ಕೆ ಕೆಂಪು ಹೂವು ಇಡಿ ಎನ್ನಿ. ಅಲ್ಲಿ ಗೊತ್ತಾಗುತ್ತದೆ ನೋಡಿ. ಬೀದಿನಾಯಿ ಇರುವ ತಿರುವು, ಕಟ್ಟೆ ಇಲ್ಲದ ಬಾವಿ, ಸಂಜೆ ಕುಡುಕರು ಕೂರುವ ಮೋರಿ, ಲಾರಿ ಜೋರಾಗಿ ಬರುವ ಕ್ರಾಸ್. ಹುಡುಗಿಯರ ಹೂವು ಒಂದು ಕಡೆ, ಹುಡುಗರದ್ದು ಇನ್ನೊಂದು ಕಡೆ ಬಿದ್ದಿರುತ್ತದೆ. ಕಾಲೊನಿಯ ಮಕ್ಕಳ ನಕ್ಷೆಯೇ ಬೇರೆ ಇರುತ್ತದೆ. ಯಾಕೆ ಬೇರೆ ಎಂದು ಮಾತಾಡಿಸಿ, ಆದರೆ ಯಾವ ಮಗುವನ್ನೂ ಎಲ್ಲರ ಮುಂದೆ ಕೆದಕಬೇಡಿ.

ಈಗ "ಯಾರ ಕೆಲಸ?" ಪಟ್ಟಿ. ಇದನ್ನು ದೊಡ್ಡ ಚಾರ್ಟಿನಲ್ಲಿ ಬರೆದು ಗೋಡೆಗೆ ಅಂಟಿಸಿ. ಬೀದಿ ದೀಪ, ಕುಡಿಯುವ ನೀರು, ಚರಂಡಿ, ಕಸ ಇವೆಲ್ಲ ಗ್ರಾಮ ಪಂಚಾಯಿತಿ. ವಿದ್ಯುತ್ ತಂತಿ ಜೋತು ಬಿದ್ದಿದ್ದರೆ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ ಹೀಗೆ ನಿಮ್ಮ ಭಾಗದ ಕಂಪನಿ. ಬಸ್ ನಿಲ್ಲಿಸದಿದ್ದರೆ ಡಿಪೊ ಮ್ಯಾನೇಜರ್. ರೇಷನ್ ಅಂಗಡಿ ಆಹಾರ ಇಲಾಖೆ, ಅಂಗನವಾಡಿ ಮಹಿಳಾ ಮತ್ತು ಮಕ್ಕಳ ಇಲಾಖೆ. ಶಾಲೆಯ ಕಟ್ಟಡ, ಕಾಂಪೌಂಡಿನ ವಿಷಯ ಎಸ್‌ಡಿಎಂಸಿ ಮುಂದೆ ಹೋಗಬೇಕು. ನೀರು ಬಿಡುವ ನೀರುಗಂಟಿಯನ್ನು, ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರನ್ನು, ಆಶಾ ಕಾರ್ಯಕರ್ತೆಯನ್ನು ಒಂದೊಂದು ದಿನ ಶಾಲೆಗೆ ಕರೆಯಿರಿ. ಭಾಷಣ ಬೇಡ, ಮಕ್ಕಳೇ ಪ್ರಶ್ನೆ ಕೇಳಲಿ. ನಮ್ಮಲ್ಲಿಗೆ ಬಂದ ನೀರುಗಂಟಿಯನ್ನು ಮಕ್ಕಳು ಕೇಳಿದ ಮೊದಲ ಪ್ರಶ್ನೆ, "ಅಣ್ಣಾ, ನಿಮ್ಮನೆಗೆ ಮೊದಲು ನೀರು ಬಿಡ್ತೀರಾ?" ಆತ ನಕ್ಕು ಸುಸ್ತಾದ.

ಹಂತ 4: ಒಂದೇ ವಿಷಯ ಆರಿಸುವುದು

ಇಪ್ಪತ್ತು ದೂರು ಬಂದಿರುತ್ತದೆ. ಎಲ್ಲವನ್ನೂ ಹಿಡಿದರೆ ಒಂದೂ ಮುಗಿಯುವುದಿಲ್ಲ. ಮೂರು ಗುಂಪು ಮಾಡಿಸಿ. ನಾವೇ ಮಾಡಬಹುದಾದದ್ದು, ಶಾಲೆ ಮಾಡಬೇಕಾದದ್ದು, ಪಂಚಾಯಿತಿಯೋ ಇಲಾಖೆಯೋ ಮಾಡಬೇಕಾದದ್ದು. ಆಮೇಲೆ ಪ್ರತಿ ಮಗುವಿಗೂ ಮೂರು ಹುಣಸೆ ಬೀಜ ಕೊಡಿ. ಯಾವ ವಿಷಯ ಮುಖ್ಯವೋ ಅದರ ಚೀಟಿಯ ಮೇಲೆ ಇಡಲಿ, ಬೇಕಾದರೆ ಮೂರನ್ನೂ ಒಂದಕ್ಕೇ ಇಡಲಿ. ಹೆಚ್ಚು ಬೀಜ ಬಿದ್ದದ್ದು ಈ ವರ್ಷದ ಕೆಲಸ.

ಮೊದಲ ವರ್ಷವಾದರೆ ಗೆಲ್ಲಬಹುದಾದ ಸಣ್ಣ ವಿಷಯ ಇರುವಂತೆ ಸ್ವಲ್ಪ ನೋಡಿಕೊಳ್ಳಿ. ಹೈವೇಗೆ ಮೇಲ್ಸೇತುವೆ ಕೇಳಿದರೆ ಮಕ್ಕಳು ಕಾಲೇಜಿಗೆ ಹೋದರೂ ಉತ್ತರ ಬರಲಿಕ್ಕಿಲ್ಲ.

ಹಂತ 5: ಅಳೆದು ಎಣಿಸುವುದು

ನಮ್ಮ ಮಕ್ಕಳು ಆರಿಸಿದ್ದು ಬಸ್ ಸ್ಟ್ಯಾಂಡಿನ ಸೋರುವ ನಲ್ಲಿ. "ನೀರು ಪೋಲಾಗುತ್ತಿದೆ" ಎಂದು ಬರೆದರೆ ಯಾರೂ ತಲೆ ಎತ್ತುವುದಿಲ್ಲ. ಒಂದು ಲೀಟರಿನ ಬಾಟಲಿ ಹಿಡಿದು, ಗಡಿಯಾರ ನೋಡುತ್ತಾ ಕೂತರು. 12 ನಿಮಿಷಕ್ಕೆ ತುಂಬಿತು. ಗಂಟೆಗೆ 5 ಲೀಟರ್. ದಿನವಿಡೀ ನೀರಿದ್ದರೆ 120 ಲೀಟರ್. 15 ಲೀಟರಿನ ಕೊಡದಲ್ಲಿ 8 ಕೊಡ. ಐದನೇ ಕ್ಲಾಸಿನ ಗುಣಾಕಾರ, ಭಾಗಾಕಾರ ಅಲ್ಲೇ ಮುಗಿಯಿತು. ಎಂಟು ಕೊಡ ಎಂದಾಗ ಊರಿನ ಹೆಂಗಸರು ನಿಂತು ಕೇಳಿದರು, ಯಾಕೆಂದರೆ ಕೊಡ ಹೊರುವವರು ಅವರು.

ಬೇರೆ ವಿಷಯವಾದರೆ ಬೇರೆ ಲೆಕ್ಕ. ಕ್ರಾಸಿನಲ್ಲಿ ಶಾಲೆ ಬಿಡುವ ಅರ್ಧ ಗಂಟೆಯಲ್ಲಿ ಎಷ್ಟು ಲಾರಿ, ಒಟ್ಟು ಎಷ್ಟು ಕಂಬ, ಅದರಲ್ಲಿ ಉರಿಯುವ ದೀಪ ಎಷ್ಟು. ಎಣಿಸುವ ಮಕ್ಕಳು ರಸ್ತೆಯಿಂದ ದೂರ, ದೊಡ್ಡವರ ಜೊತೆ ಕೂರಲಿ.

ಹಂತ 6: ಪತ್ರ

ಪತ್ರಲೇಖನ ಪಠ್ಯದಲ್ಲಿ ಹೇಗೂ ಇದೆ. ಆದರೆ ಅದು ಪರೀಕ್ಷೆಗೆ ಬರೆದು ಅಲ್ಲೇ ಸಾಯುವ ಪತ್ರ. ಇದು ಹೋಗುವ ಪತ್ರ. ಮಕ್ಕಳ ಮಾತಿನಲ್ಲೇ ಇರಲಿ, ನೀವು ಕಾಗುಣಿತ ಮಾತ್ರ ನೋಡಿ. "ಈ ಮೂಲಕ ತಮ್ಮಲ್ಲಿ ವಿನಮ್ರವಾಗಿ ಬಿನ್ನವಿಸಿಕೊಳ್ಳುವುದೇನೆಂದರೆ" ಎಂದು ನೀವು ತಿದ್ದಿದರೆ ಅದು ಮೇಷ್ಟ್ರ ಪತ್ರವಾಯಿತು. ನಮ್ಮವರದು ಹೀಗಿತ್ತು:

"ಇವರಿಗೆ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು. ಮಾನ್ಯರೇ, ಬಸ್ ಸ್ಟ್ಯಾಂಡ್ ಹತ್ತಿರದ ನಲ್ಲಿ ಸೋರುತ್ತಿದೆ. ನಾವು ಅಳೆದು ನೋಡಿದೆವು. ದಿನಕ್ಕೆ 120 ಲೀಟರ್, ಅಂದರೆ 8 ಕೊಡ ನೀರು ಹೋಗುತ್ತದೆ. ಅಲ್ಲಿ ಕೆಸರಾಗಿ ನಮ್ಮ ಕ್ಲಾಸಿನ ಇಬ್ಬರು ಜಾರಿ ಬಿದ್ದಿದ್ದಾರೆ. ದಯವಿಟ್ಟು ಹೊಸ ನಲ್ಲಿ ಹಾಕಿಸಿ. ಯಾವಾಗ ಹಾಕಿಸುತ್ತೀರಿ ಎಂದು ನಮಗೆ ಪತ್ರ ಬರೆಯಿರಿ. ಇಂತಿ ನಿಮ್ಮ ವಿಶ್ವಾಸಿಗಳು, ಶಾಲಾ ಸಂಸತ್ತಿನ ಸದಸ್ಯರು."

ಕೊನೆಯ ಕೋರಿಕೆಯನ್ನು ಬಿಡಬೇಡಿ. ಉತ್ತರ ಕೇಳಬಹುದು ಎಂಬುದೇ ಮಕ್ಕಳಿಗೆ ಹೊಸ ವಿಷಯ. ಎರಡು ಪ್ರತಿ ಮಾಡಿಸಿ. ಮಕ್ಕಳೇ ಪಂಚಾಯಿತಿ ಕಚೇರಿಗೆ ಹೋಗಿ ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಸೀಲು, ಸಹಿ, ತಾರೀಕು ಹಾಕಿಸಿಕೊಂಡು ಬರಲಿ. ಸೀಲು ಬಿದ್ದ ಪ್ರತಿಯನ್ನು ಫೈಲಿನಲ್ಲಿಡಿ. ಆ ಸೀಲನ್ನು ಮಕ್ಕಳು ಬಹುಮಾನದ ಹಾಗೆ ಹಿಡಿದುಕೊಂಡು ಬರುತ್ತಾರೆ.

ಹಂತ 7: ಮಕ್ಕಳ ಗ್ರಾಮ ಸಭೆ

ಸಾಮಾನ್ಯವಾಗಿ ನವೆಂಬರ್ 14ರ ಆಸುಪಾಸು ಪಂಚಾಯಿತಿಗಳು ಮಕ್ಕಳ ಗ್ರಾಮ ಸಭೆ, ಅಂದರೆ ಮಕ್ಕಳು ಪ್ರಶ್ನೆ ಕೇಳಿ ಪಂಚಾಯಿತಿ ಉತ್ತರ ಕೊಡುವ ಸಭೆ, ಶುರು ಮಾಡುತ್ತವೆ. ಇದು ಮೇಲಿನಿಂದ ಇಳಿದ ಯೋಚನೆಯಲ್ಲ. 1990ರ ದಶಕದಲ್ಲಿ ಕುಂದಾಪುರ ಕಡೆಯ ಹಳ್ಳಿಗಳಲ್ಲಿ ಭೀಮ ಸಂಘ ಎಂಬ ದುಡಿಯುವ ಮಕ್ಕಳ ಸಂಘಟನೆ ಇತ್ತು, ಮಕ್ಕಳ ಪಂಚಾಯಿತಿಗಳೂ ನಡೆದವು. ಊರಿನ ವಿಷಯದಲ್ಲಿ ತಮ್ಮ ಮಾತೂ ಕೇಳಬೇಕು ಎಂದು ಪಟ್ಟು ಹಿಡಿದದ್ದು ಮಕ್ಕಳೇ. 2006ರಲ್ಲಿ ರಾಜ್ಯ ಸರ್ಕಾರ ಎಲ್ಲ ಗ್ರಾಮ ಪಂಚಾಯಿತಿಗಳಿಗೂ ಸುತ್ತೋಲೆ ಹೊರಡಿಸಿತು. ಇದರ ಬೇರು ಇನ್ನೂ ಹಿಂದಿನದು. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ, ಮಕ್ಕಳಿಗೆ ಸಂಬಂಧಿಸಿದ ವಿಷಯದಲ್ಲಿ ಅವರ ಅಭಿಪ್ರಾಯಕ್ಕೆ ಬೆಲೆ ಕೊಡಬೇಕು ಎನ್ನುತ್ತದೆ. ಭಾರತ ಅದನ್ನು 1992ರಲ್ಲಿ ಒಪ್ಪಿಕೊಂಡಿದೆ.

ಈ ಸಭೆಯನ್ನು ಹಾಳು ಮಾಡುವುದು ಸುಲಭ. ನಾನೂ ಅಂಥದ್ದೊಂದರಲ್ಲಿ ಕೂತಿದ್ದೆ. ವೇದಿಕೆ ಮೇಲೆ ಹದಿನಾಲ್ಕು ಕುರ್ಚಿ, ಎಲ್ಲರಿಗೂ ಹಾರ, ಶಾಲು, ಸ್ವಾಗತ ಗೀತೆ. ಒಂದೂವರೆ ಗಂಟೆ ದೊಡ್ಡವರ ಭಾಷಣ. ಬಿಸಿಲಿನಲ್ಲಿ ಕೂತ ಮಕ್ಕಳಿಗೆ ಸಿಕ್ಕಿದ್ದು ಹತ್ತು ನಿಮಿಷ. ನಾಲ್ಕು ಮಕ್ಕಳು ಬಾಯಿಪಾಠ ಒಪ್ಪಿಸಿದರು. "ಪರಿಶೀಲಿಸುತ್ತೇವೆ" ಎಂದರು, ಊಟ ಆಯಿತು.

ಹಾಗಾಗದಿರಲು ಹದಿನೈದು ದಿನ ಮೊದಲೇ ಪಿಡಿಒ ಜೊತೆ ಕೂತು ಮಾತಾಡಿ. ಸಭೆಯ ಅಧ್ಯಕ್ಷತೆ ಒಬ್ಬ ಹುಡುಗಿಯೋ ಹುಡುಗನೋ ವಹಿಸಲಿ. ಪಂಚಾಯಿತಿಯವರು, ಶಿಕ್ಷಕರು, ಆರೋಗ್ಯ ಇಲಾಖೆಯವರು ಉತ್ತರ ಕೊಡಲು ಕೂರಲಿ. ಸಭೆಯ ಮೊದಲ ಕೆಲಸ ಹೋದ ವರ್ಷದ ಪ್ರಶ್ನೆಗಳಿಗೆ ಏನಾಯಿತು ಎಂದು ಓದುವುದು. ಅದಾಗದೆ ಹೊಸ ಪ್ರಶ್ನೆ ಬೇಡ. ಒಂದು ವಾರ ಮೊದಲು ಶಾಲೆಯಲ್ಲಿ ಪ್ರಶ್ನೆ ಪೆಟ್ಟಿಗೆ ಇಡಿ. ನಾಚಿಕೆಯ ಮಕ್ಕಳು, ಶಾಲೆ ಬಿಟ್ಟ ಮಕ್ಕಳು, ಅಂಗವಿಕಲ ಮಕ್ಕಳ ಮಾತು ಅದರಿಂದ ಬರುತ್ತದೆ. ಶಾಲೆಯಲ್ಲೇ ಒಂದು ಅಣಕು ಸಭೆ ನಡೆಸಿ, ನೀವು ಪಿಡಿಒ ಆಗಿ ಬೇಕೆಂದೇ "ನೋಡೋಣ, ನೋಡೋಣ" ಎನ್ನಿ. "ನೋಡೋಣ ಅಂದ್ರೆ ಯಾವ ತಾರೀಕು?" ಎಂದು ಮರುಪ್ರಶ್ನೆ ಹಾಕಲು ಅವರೇ ಕಲಿಯುತ್ತಾರೆ.

ಎಲ್ಲಿ ಮಕ್ಕಳನ್ನು ಮುಂದೆ ಬಿಡಬಾರದು

ಪೆಟ್ಟಿಗೆಯ ಚೀಟಿಗಳನ್ನು ಮೊದಲು ಜವಾಬ್ದಾರಿಯುತ ದೊಡ್ಡವರೊಬ್ಬರು ಒಂಟಿಯಾಗಿ ಓದಬೇಕು. ಹೊಡೆತ, ಬಾಲ್ಯವಿವಾಹ, ಮೈ ಮುಟ್ಟುವ ವಿಷಯ ಇದ್ದರೆ ಅದು ಸಭೆಗೆ ಬರುವ ಪ್ರಶ್ನೆಯಲ್ಲ. ಕೂಡಲೇ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಬೇಕಾದದ್ದು. ಮಗುವಿನ ವಿರುದ್ಧ ಲೈಂಗಿಕ ಅಪರಾಧ ಗೊತ್ತಾದರೆ ದೂರು ಕೊಡುವುದು 2012ರ ಪೋಕ್ಸೊ ಕಾಯ್ದೆ ಪ್ರಕಾರ ಕಡ್ಡಾಯ.

ಮದ್ಯದ ಅಂಗಡಿ, ಮರಳು ಲಾರಿ ಇಂಥ ವಿಷಯದಲ್ಲಿ ಮಗುವೊಂದನ್ನು ಎದ್ದು ನಿಲ್ಲಿಸಿ ಹೆಸರು ಹೇಳಿಸಬೇಡಿ. ಸಂಸತ್ತಿನ ಹೆಸರಿನಲ್ಲಿ ಪತ್ರ ಹೋಗಲಿ, ಮಾತು ಎಸ್‌ಡಿಎಂಸಿ ಆಡಲಿ. ಪಕ್ಷದ ಶಾಲು, ಪ್ರತಿಭಟನೆಯ ಮೊದಲ ಸಾಲು, ವಾಟ್ಸ್‌ಆ್ಯಪ್ ಸ್ಟೇಟಸ್ಸಿಗೆ ಮಕ್ಕಳ ಮುಖ, ಯಾವುದೂ ಬೇಡ. ಚರಂಡಿ, ಶೌಚಾಲಯ ತೊಳೆಸುವುದು ಸಮಾಜಸೇವೆ ಅಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಉತ್ತರ ಬಾರದಿದ್ದರೆ?

ಬಾರದಿರುವುದೇ ಜಾಸ್ತಿ. ಮೂರು ವಾರ ಕಾದು ನೆನಪೋಲೆ ಬರೆಯಲಿ, ಹಳೆಯ ಪತ್ರದ ತಾರೀಕು ಹಾಕಿ. ಆಮೇಲೆ ವಾರ್ಡಿನ ಸದಸ್ಯರನ್ನು ಶಾಲೆಗೆ ಕರೆದು ಕೇಳಲಿ. ಆಮೇಲೆ ಗ್ರಾಮ ಸಭೆ. ದುಡ್ಡಿಲ್ಲ ಎಂದರೆ ಎಷ್ಟು ಬೇಕು, ಯಾವ ವರ್ಷದ ಯೋಜನೆಯಲ್ಲಿ ಸೇರಿಸುತ್ತೀರಿ ಎಂದು ಕೇಳಬಹುದು. ಮಕ್ಕಳಿಗೆ ಸುಳ್ಳು ಸಮಾಧಾನ ಹೇಳಬೇಡಿ, ನೀವೇ ಗುಟ್ಟಾಗಿ ಪ್ಲಂಬರ್ ಕರೆಸಿ ನಲ್ಲಿ ಹಾಕಿಸಲೂಬೇಡಿ. ನನಗೆ ಆ ಆಸೆ ಆಗಿತ್ತು. ಎರಡು ನೂರು ರೂಪಾಯಿ ಕೆಲಸ. ಆದರೆ ಆಗ ಮಕ್ಕಳ ಪತ್ರಕ್ಕೆ ಉತ್ತರ ಕೊಟ್ಟಿದ್ದು ಪಂಚಾಯಿತಿಯಲ್ಲ, ನಾನು ಎಂದಾಗುತ್ತಿತ್ತು. ನಲ್ಲಿ ಬಂದದ್ದು ಎರಡನೇ ಪತ್ರದ ನಂತರ. ಲಿಖಿತ ಉತ್ತರ ಮಾತ್ರ ಬರಲೇ ಇಲ್ಲ. ಮಕ್ಕಳು ಅದನ್ನೂ ನಡಾವಳಿ ಪುಸ್ತಕದಲ್ಲಿ ಬರೆದಿಟ್ಟರು.

ಮನೆಯವರಿಗೆ ಎರಡು ಮಾತು

ಓಟು ಹಾಕಲು ಹೋಗುವಾಗ ಮಗುವಿಗೆ ಹೇಳಿ ಹೋಗಿ, ಬಂದು ಸಾಲು ಎಷ್ಟುದ್ದ ಇತ್ತು ಎಂದು ಹೇಳಿ. ಗ್ರಾಮ ಸಭೆಗೆ, ರೇಷನ್ ಅಂಗಡಿಗೆ, ಕಂದಾಯ ಕಟ್ಟಲು ಹೋಗುವಾಗ ಜೊತೆಗೆ ಕರೆದೊಯ್ಯಿರಿ. ರಸೀದಿ ಮಗುವಿನ ಕೈಗೆ ಕೊಟ್ಟು ಓದಿಸಿ. ಪಂಚಾಯಿತಿ ಗ್ರಂಥಾಲಯದಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಇದೆ, ಕಾರ್ಡ್ ಮಾಡಿಸಿ. ಊಟಕ್ಕೆ ಕೂತಾಗ "ಎಲ್ಲ ಕಳ್ಳರು" ಎಂದು ಬೈಯುವುದನ್ನು ಸ್ವಲ್ಪ ಕಡಿಮೆ ಮಾಡಿದರೆ ಒಳ್ಳೆಯದು. ಅವೇ ಮಕ್ಕಳು ಮರುದಿನ ಪಂಚಾಯಿತಿಗೆ ಪತ್ರ ಕೊಡಲು ಹೋಗಬೇಕಲ್ವಾ?

ಮಾರ್ಚ್‌ನಲ್ಲಿ ಮಾಡಬೇಕಾದ ಕೊನೆಯ ಕೆಲಸ

ಪರೀಕ್ಷೆಗೆ ಮೊದಲು ಒಂದು ಮಧ್ಯಾಹ್ನ ತೆಗೆದಿಡಿ. ಏಳನೇ ಕ್ಲಾಸಿನವರು ಆರನೆಯವರಿಗೆ ಪುಸ್ತಕ, ಫೈಲು ಒಪ್ಪಿಸಲಿ. ಉತ್ತರ ಬಾರದ ಪತ್ರಗಳ ಪಟ್ಟಿಯನ್ನು ಮೊದಲ ಪುಟಕ್ಕೆ ಅಂಟಿಸಿ. ನಮ್ಮ ಪಟ್ಟಿಯಲ್ಲಿ ಈಗ ಮೂರು ಇವೆ: ಕ್ರಾಸಿನ ಹಂಪ್, ಹುಡುಗಿಯರ ಶೌಚಾಲಯಕ್ಕೆ ನೀರಿನ ಪೈಪು, ಬಸ್ ಸ್ಟ್ಯಾಂಡಿನ ಕಸದ ಡಬ್ಬಿ. ಕೊನೆಯದನ್ನು ಬರೆಸಿದವಳು ಅವತ್ತು ಪ್ರಶ್ನೆ ಕೇಳಿದ ಹುಡುಗಿ. ಅವಳು ಈಗ ಹೈಸ್ಕೂಲಿಗೆ ಹೋಗುತ್ತಿದ್ದಾಳೆ. ಬಸ್ಸಿಗೆ ಅಲ್ಲೇ ಕಾಯುವುದರಿಂದ ಡಬ್ಬಿ ಬಂತಾ ಇಲ್ಲವಾ ಎಂದು ದಿನಾ ನೋಡಿ ಆರನೇ ಕ್ಲಾಸಿನವರಿಗೆ ವರದಿ ಕೊಡುತ್ತಾಳೆ.